ನಮ್ಮ ಪಂಚಾಯ್ತಿಯ ರಸ್ತೆ ಸೇವೆ: ಐದಕ್ಕೆ ಎರಡೂವರೆ

ಮೊದಲು ಅಂಕ ಹೇಳಿಬಿಡುತ್ತೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಲ್ಲೇ ಇಳಿದುಕೊಳ್ಳಬಹುದು. ಹೊಸ ಕಾಂಕ್ರೀಟ್ ರಸ್ತೆಗೆ 5ಕ್ಕೆ 4. ಡಾಂಬರಿನ ತೇಪೆಗೆ 1. ಬಸ್ ಸೌಕರ್ಯಕ್ಕೆ 3. ಗಟಾರಕ್ಕೆ ಸೊನ್ನೆ. ಸರಾಸರಿ ತೆಗೆದರೆ 2 ಬರುತ್ತದೆ. ನಮ್ಮ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಫೋನ್ ಮಾಡಿದರೆ ಎತ್ತುತ್ತಾರೆ, ಅದಕ್ಕೆ ಅರ್ಧ ಸೇರಿಸಿದ್ದೇನೆ.

ಪಂಚಾಯ್ತಿ ಹೆಸರು ಹೇಳುವುದಿಲ್ಲ. ನಾಳೆ ಅದೇ ಆಫೀಸಿನ ಬಾಗಿಲಿಗೆ ನಾನೂ ಹೋಗಬೇಕಲ್ಲ. ಸಿರ್ಸಿ ತಾಲೂಕು, ಕುಮಟಾ ಕಡೆಯ ಘಟ್ಟದಂಚು ಅಂತಷ್ಟೇ ಇಟ್ಟುಕೊಳ್ಳಿ. ನನ್ನದು ಒಂದು ಪಿಕಪ್ ಗಾಡಿ. ಅಡಿಕೆ ಮೂಟೆ, ಹಿಂಡಿ, ಗೊಬ್ಬರ, ಸಿಮೆಂಟು, ಮದುವೆ ಮನೆಯ ಹಂಡೆ ಪಾತ್ರೆ, ಯಕ್ಷಗಾನದ ಪೆಟ್ಟಿಗೆ, ಏನು ಬೇಕಾದರೂ ಹೇರುತ್ತೇನೆ. ಹಾಗಾಗಿ ನಮ್ಮೂರ ರಸ್ತೆಯನ್ನು ಕಣ್ಣಿಗಿಂತ ಜಾಸ್ತಿ ಸೊಂಟದಲ್ಲಿ ನೋಡಿದವನು ನಾನು. ಬಾಡಿಗೆ ಸಿಕ್ಕಿದ ದುಡ್ಡಿನಲ್ಲಿ ಒಂದು ಪಾಲು ಪಾಟಾ, ಬುಷ್, ಟೈರಿಗೇ ಹೋಗುತ್ತದೆ. ಆ ಪಾಲನ್ನು ಯಾವ ಪಂಚಾಯ್ತಿಯ ರಸೀದಿಯಲ್ಲೂ ಬರೆದಿರುವುದಿಲ್ಲ.

ಪೇಟೆಯವರಿಗೆ ಒಂದು ಮಾತು ಹೇಳಬೇಕು. ಸಿರ್ಸಿಯಿಂದ ನಮ್ಮನೆ ಅಂಗಳದವರೆಗೆ ನೀವು ಒಂದೇ ರಸ್ತೆಯಲ್ಲಿ ಬಂದೆ ಅಂದುಕೊಳ್ಳುತ್ತೀರಿ. ಲೆಕ್ಕದ ಪುಸ್ತಕದಲ್ಲಿ ಅದು ನಾಲ್ಕು ರಸ್ತೆ. ಮೊದಲು ರಾಷ್ಟ್ರೀಯ ಹೆದ್ದಾರಿ 766ಇ, ಅದು ಕೇಂದ್ರದ್ದು. ಅಲ್ಲಿಂದ ಹೊರಳಿದರೆ ಜಿಲ್ಲಾ ಮುಖ್ಯ ರಸ್ತೆ, ಅದು ಲೋಕೋಪಯೋಗಿ ಇಲಾಖೆಯದ್ದು. ಆಮೇಲೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯದ್ದು. ಕೊನೆಯ ತುಂಡು ಮಾತ್ರ ನಮ್ಮ ಪಂಚಾಯ್ತಿಯದ್ದು. ಹೊಂಡಕ್ಕೆ ಬಿದ್ದಾಗ ಬೈಯುವ ಮೊದಲು ಇದು ಯಾರ ಹೊಂಡ ಅಂತ ಕೇಳಿಕೊಳ್ಳಬೇಕು. ಪಂಚಾಯ್ತಿ ಆಫೀಸಿಗೆ ಬಂದು ಕೂಗಾಡುವವರಲ್ಲಿ ಅರ್ಧ ಜನರದ್ದು ಬೇರೆ ಇಲಾಖೆಯ ಹೊಂಡ.

ಗ್ರಾಮ ಸಡಕ್ ರಸ್ತೆಯ ಗುರುತು ಸುಲಭ. ಶುರುವಾಗುವಲ್ಲಿ ಒಂದು ಬೋರ್ಡು ಇರುತ್ತದೆ. ನಮ್ಮ ಕಡೆಯ ಬೋರ್ಡು ಈಗ ಲಂಟಾನಾ ಪೊದೆಯೊಳಗಿದೆ. ಕತ್ತಿ ಹಿಡಿದು ಸವರಿದರೆ ಓದಬಹುದು: ರಸ್ತೆ ಹೆಸರು, ಉದ್ದ, ಖರ್ಚು, ಗುತ್ತಿಗೆದಾರರ ಹೆಸರು, ಮುಗಿದ ದಿನಾಂಕ. ಅದರ ಕೆಳಗೆ ಐದು ಸಾಲು, ಒಂದನೇ ವರ್ಷದ ನಿರ್ವಹಣೆಗೆ ಇಷ್ಟು, ಎರಡನೇ ವರ್ಷಕ್ಕೆ ಇಷ್ಟು, ಹೀಗೆ ಐದನೇ ವರ್ಷದವರೆಗೆ. 2000ದಲ್ಲಿ ಶುರುವಾದ ಈ ಯೋಜನೆಯಲ್ಲಿ ನನಗೆ ಹಿಡಿಸಿದ ಭಾಗ ಇದು. ರಸ್ತೆ ಮಾಡಿದವನೇ ಐದು ವರ್ಷ ನೋಡಿಕೊಳ್ಳಬೇಕು, ಅದಕ್ಕೆ ದುಡ್ಡು ಎಷ್ಟು ಅಂತ ಮೊದಲೇ ಬರೆದಿಟ್ಟಿರುತ್ತಾರೆ. ನಮ್ಮ ರಸ್ತೆಯ ಐದನೇ ಸಾಲಿನ ಮೇಲೆ ತುಕ್ಕು ಹತ್ತಿದೆ, ಅಂಕಿ ಕಾಣುವುದಿಲ್ಲ. ಆರನೇ ಸಾಲು ಅಂತೂ ಇಲ್ಲವೇ ಇಲ್ಲ. ಆರನೇ ವರ್ಷದಿಂದ ರಸ್ತೆ ದೇವರ ಹೆಸರಿನಲ್ಲಿ ನಡೆಯುತ್ತಿದೆ.

ಈ ಯೋಜನೆಗೆ ಸೇರಲು ಬಯಲು ಸೀಮೆಯ ಊರಿನಲ್ಲಿ 500 ಜನ ಇರಬೇಕಿತ್ತು, ಹಿಮಾಲಯದ ಕಡೆಯ ಗುಡ್ಡಗಾಡು ರಾಜ್ಯಗಳಿಗೆ 250 ಸಾಕಿತ್ತು. ನಮ್ಮ ಸಿರ್ಸಿ, ಸಿದ್ದಾಪುರದ ಕಡೆ ಊರು ಅಂದರೆ ಏನು? ಒಂದು ತೋಟದ ತಲೆಗೆ ನಾಲ್ಕು ಮನೆ. ಇಳಿಜಾರು ದಾಟಿ ಸಂಕದ (ಹಳ್ಳದ ಸಣ್ಣ ಸೇತುವೆಯ) ಆಚೆ ಮತ್ತೆ ಮೂರು ಮನೆ. ನಡುವೆ ಸೊಪ್ಪಿನಬೆಟ್ಟ. ಒಬ್ಬರ ಅಂಗಳದ ಕೂಗು ಮತ್ತೊಬ್ಬರಿಗೆ ಕೇಳಿಸಿದರೆ ಅದೇ ದೊಡ್ಡ ಊರು. ಲೆಕ್ಕದಲ್ಲಿ ನಾವು ಬಯಲಿನವರು, ಕಾಲಲ್ಲಿ ಗುಡ್ಡದವರು. ಹಾಗಾಗಿ ಮನೆ ಬಾಗಿಲಿಗೆ ಬರುವ ರಸ್ತೆಯೆಲ್ಲ ಪಂಚಾಯ್ತಿಯ ತಲೆಗೇ ಬೀಳುತ್ತದೆ.

ಆ ಪಂಚಾಯ್ತಿಗೆ ದುಡ್ಡು ಎಲ್ಲಿಂದ ಬರುತ್ತದೆ? ನಾವು ಕಟ್ಟುವ ಮನೆ ತೆರಿಗೆಯಲ್ಲಿ ಬೀದಿ ದೀಪದ ಕರೆಂಟ್ ಬಿಲ್ಲು ತೀರಿದರೆ ಪುಣ್ಯ. ಗಾಡಿಗೆ ಕಟ್ಟುವ ತೆರಿಗೆ ರಾಜ್ಯಕ್ಕೆ ಹೋಗುತ್ತದೆ, ಪಂಚಾಯ್ತಿಗೆ ಒಂದು ಪೈಸೆ ಇಲ್ಲ. ದೊಡ್ಡ ಆಧಾರ ಅಂದರೆ ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗದ ನಿಯಮ ಹೇಗಿತ್ತು ಅಂದರೆ, ಬಂದ 100 ರೂಪಾಯಿಯಲ್ಲಿ 60 ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೇ ಇಡಬೇಕು. ಉಳಿದ 40ರಲ್ಲಿ ರಸ್ತೆ, ಮೋರಿ, ದೀಪ, ಶಾಲೆ ಕಂಪೌಂಡು, ಎಲ್ಲ. ನೀರಿಗೆ ದುಡ್ಡು ಮೀಸಲಿಟ್ಟಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮ ಮೇಲಿನ ಕೇರಿಯವರು ಕೊಡ ಹೊರುವುದನ್ನು ನೋಡಿದವನು ಹಾಗೆ ಹೇಳಲಿಕ್ಕೂ ಆಗುವುದಿಲ್ಲ. ಆದರೆ ಉಳಿದ 40ನ್ನು ಪ್ರತಿ ವಾರ್ಡಿನ ಸದಸ್ಯರೂ ಎಳೆದರೆ ಒಬ್ಬೊಬ್ಬರ ಕೈಗೆ ಬರುವುದು ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗಿನ ರಸ್ತೆ ಮಾತ್ರ.

ನಮ್ಮಲ್ಲಿ ಕಾಂಕ್ರೀಟ್ ರಸ್ತೆ ತುಂಡು ತುಂಡಾಗಿ ಇರುವುದಕ್ಕೆ ಕಾರಣ ಅದೇ. ಹೊಸಬರು ನೋಡಿ ನಗುತ್ತಾರೆ. ಸ್ವಲ್ಪ ಕಾಂಕ್ರೀಟು, ಆಮೇಲೆ ಮಣ್ಣು, ಮತ್ತೆ ಕಾಂಕ್ರೀಟು, ಆಮೇಲೆ ಜಲ್ಲಿ. ಒಂದೊಂದು ತುಂಡಿಗೂ ಒಂದೊಂದು ಅಪ್ಪ. ಈ ತುಂಡು ಹಣಕಾಸು ಆಯೋಗದ್ದು. ಆ ತುಂಡು ನರೇಗಾದ್ದು, ಅದರಲ್ಲಿ ಸಾಮಗ್ರಿಗೆ 40 ಶೇಕಡ ದಾಟುವಂತಿರಲಿಲ್ಲ, ಹಾಗಾಗಿ ಸಿಮೆಂಟು ಮುಗಿದಲ್ಲಿಗೆ ರಸ್ತೆಯೂ ಮುಗಿಯಿತು. ಏರಿನ ತುಂಡು ಶಾಸಕರ ನಿಧಿಯದ್ದು. ಶಾಸಕರಿಗೆ ಆ ನಿಧಿ ವರ್ಷಕ್ಕೆ 2 ಕೋಟಿ, ಅದರಲ್ಲೇ ಸಿರ್ಸಿ, ಸಿದ್ದಾಪುರ ಎರಡೂ ತಾಲೂಕು. ಹಳ್ಳದ ಮೋರಿ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯದ್ದು. ತುಂಡಾದರೂ ಆ ಕಾಂಕ್ರೀಟಿಗೆ ನಾನು 4 ಅಂಕ ಕೊಟ್ಟಿದ್ದೇನೆ, ಯಾಕೆಂದರೆ ಏರಿನಲ್ಲಿ ಅದು ನಿಂತಿದೆ. ಹೇರು ತುಂಬಿದ ಗಾಡಿ ಮಳೆಯಲ್ಲೂ ಮೊದಲನೇ ಗೇರಿನಲ್ಲಿ ಹತ್ತುತ್ತದೆ. ಹಿಂದೆ ಅಲ್ಲಿ ಚಕ್ರಕ್ಕೆ ಕಲ್ಲು ಕೊಡಲಿಕ್ಕೆ ಅಂತಲೇ ಒಬ್ಬ ಹುಡುಗನನ್ನು ಹಿಂದೆ ನಿಲ್ಲಿಸಿಕೊಂಡು ಹೋಗಬೇಕಿತ್ತು.

ಉಳಿದ 1 ಅಂಕ ಯಾಕೆ ಕಡಿದೆ ಅಂತ ಹೇಳುತ್ತೇನೆ. ಕಾಂಕ್ರೀಟಿನ ಅಂಚು ನೋಡಿ. ಮಾಡಿದಾಗ ಎರಡೂ ಬದಿಗೆ ಕೆಂಪು ಮಣ್ಣು ತುಂಬಿ ಸಮ ಮಾಡಿದ್ದರು. ಎರಡು ಮಳೆಗಾಲಕ್ಕೆ ಆ ಮಣ್ಣು ತೊಳೆದು ಹೋಯಿತು. ಈಗ ಅಂಚಿನಿಂದ ಕೆಳಗೆ ಒಂದು ಗೇಣು ಇಳಿತ. ರಸ್ತೆ ಅಗಲ ಮೂರೇ ಮೀಟರು. ಎದುರಿನಿಂದ ಗಾಡಿ ಬಂದರೆ ಒಬ್ಬರು ಒಂದು ಬದಿಯ ಚಕ್ರ ಕೆಳಗೆ ಇಳಿಸಲೇಬೇಕು. ನನ್ನ ಪಿಕಪ್ ಇಳಿಯುತ್ತದೆ. ಸ್ಕೂಟಿಯಲ್ಲಿ ಬರುವ ಅಂಗನವಾಡಿ ಟೀಚರ್ ಏನು ಮಾಡಬೇಕು? ಅವರು ಗಾಡಿ ನಿಲ್ಲಿಸಿ, ಒಂದು ಕಾಲು ಊರಲು ಜಾಗ ಹುಡುಕುತ್ತಾ ನಿಲ್ಲುತ್ತಾರೆ. ಬದಿಗೆ ಮಣ್ಣು ತುಂಬಿ ಅಂತ ಕೇಳಿದರೆ, ಕಾಮಗಾರಿ ಮುಗಿದಿದೆ, ಬಿಲ್ಲೂ ಆಗಿದೆ ಅನ್ನುತ್ತಾರೆ.

ಡಾಂಬರಿನ ತೇಪೆಗೆ ಹೆಚ್ಚು ಮಾತು ಬೇಡ. ಮಾರ್ಚ್ 31ರ ಒಳಗೆ ದುಡ್ಡು ಮುಗಿಯಬೇಕು, ಅದಕ್ಕೆ ಮಾರ್ಚಿನಲ್ಲಿ ಗಡಿಬಿಡಿ. ಗಡಿಬಿಡಿಯಲ್ಲಿ ಆಗದ್ದು ಮೇ ತಿಂಗಳಿಗೆ ಬರುತ್ತದೆ, ಸಂಜೆ ಗುಡುಗಿನ ಜೊತೆಗೆ. ಹೊಂಡದ ದೂಳು ಗುಡಿಸುವುದಿಲ್ಲ, ಅಂಚು ಚೌಕ ಮಾಡಿ ಕಡಿಯುವುದಿಲ್ಲ, ಒದ್ದೆ ಹೊಂಡಕ್ಕೇ ಜಲ್ಲಿ ಸುರಿದು ಮೇಲೆ ಡಾಂಬರು ಚಿಮುಕಿಸಿ ಹೋಗುತ್ತಾರೆ. ಜೂನ್ ಎರಡನೇ ವಾರಕ್ಕೆ ಹೊಂಡ ಅಲ್ಲೇ ಇರುತ್ತದೆ, ಜಲ್ಲಿ ಮಾತ್ರ ಮುಂದಿನ ತಿರುವಿಗೆ ಹೋಗಿ ಬೈಕಿನವರನ್ನು ಕಾಯುತ್ತಿರುತ್ತದೆ. ಒಂದು ಅಂಕ ಕೊಟ್ಟದ್ದು ತೇಪೆ ಹಾಕಲು ಬಂದ ಆಳುಗಳ ಮುಖ ನೋಡಿ. ಉತ್ತರ ಕರ್ನಾಟಕದ ಕಡೆಯಿಂದ ಬಂದವರು, ಬಿಸಿಲಲ್ಲಿ ಡಾಂಬರಿನ ಡಬ್ಬಿ ಹೊತ್ತುಕೊಂಡು, ಎಳೆ ಮಕ್ಕಳನ್ನು ರಸ್ತೆ ಬದಿಯ ಮತ್ತಿ ಮರದ ಕೆಳಗೆ ಮಲಗಿಸಿ ದುಡಿಯುತ್ತಿದ್ದರು. ಎಸ್ಟಿಮೇಟು ಬರೆದವರು ಅವರಲ್ಲ.

ಈಗ ಗಟಾರಕ್ಕೆ ಬರೋಣ. ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಇದಕ್ಕೆ.

ನಮ್ಮ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಹುಯ್ಯುತ್ತದೆ, ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರಿನೊಳಗೆ. ಡಾಂಬರಿಗೆ ಗಾಡಿಗಿಂತ ದೊಡ್ಡ ಶತ್ರು ನೀರು. ನೀರು ಗಟಾರದಲ್ಲಿ ಹೋದರೆ ರಸ್ತೆ ಹತ್ತು ವರ್ಷ ಬಾಳುತ್ತದೆ, ರಸ್ತೆ ಮೇಲೆ ಹೋದರೆ ಎರಡು ವರ್ಷ. ಬೇಸಿಗೆಯಲ್ಲಿ ಬೆಟ್ಟದ ದರಕು, ಅಂದರೆ ಒಣ ಎಲೆ, ಉದುರಿ ಗಟಾರ ತುಂಬುತ್ತದೆ. ಅದರ ಮೇಲೆ ತೋಟದಿಂದ ಬಂದ ಅಡಿಕೆ ಹಾಳೆ, ಮೇಲೊಂದು ಹಾಲಿನ ಪ್ಲಾಸ್ಟಿಕ್ಕು. ಮೊದಲ ಮಳೆಗೆ ಇದೆಲ್ಲ ತೇಲಿ ಬಂದು ಮೋರಿಯ ಬಾಯಿಗೆ ಕೂರುತ್ತದೆ. ಮೋರಿ ಅಂದರೆ ಒಂದು ಸಿಮೆಂಟ್ ಪೈಪು, ಅಷ್ಟೇ. ಬಾಯಿ ಕಟ್ಟಿದ ಮೇಲೆ ನೀರಿಗೆ ರಸ್ತೆಯೇ ದಾರಿ. ಅಡ್ಡ ಹರಿಯುತ್ತದೆ, ಕೆಳಗಿನ ಅಂಚನ್ನು ಕೊರೆಯುತ್ತದೆ, ಡಾಂಬರಿನ ಅಡಿಗೆ ನುಗ್ಗುತ್ತದೆ. ಒಂದು ವಾರದಲ್ಲಿ ಡಾಂಬರಿನ ಪದರ ದೋಸೆಯ ಹಾಗೆ ಏಳುತ್ತದೆ. ಅದರ ಕೆಳಗಿನ ಸೋಲಿಂಗ್ ಕಲ್ಲು ಹಲ್ಲು ಕಿರಿಯುತ್ತದೆ. ಆ ಕಲ್ಲಿನ ಮೇಲೆ ಒಮ್ಮೆ ಹೇರು ಗಾಡಿ ಬಿಟ್ಟು ನೋಡಿ.

ಇದನ್ನೆಲ್ಲ ತಡೆಯಲು ಬೇಕಾದದ್ದು ಒಂದು ಹಾರೆ, ಒಂದು ಬುಟ್ಟಿ, ಮೇ ತಿಂಗಳ ಕೊನೆಗೆ ಇಬ್ಬರು ಆಳು. ಮಳೆ ಶುರುವಾದ ಮೇಲೆ ವಾರಕ್ಕೊಮ್ಮೆ ಒಬ್ಬ ಮೋರಿ ನೋಡಿಕೊಂಡು ಬಂದರೆ ಸಾಕು. ಹಿಂದೆ ಲೋಕೋಪಯೋಗಿ ಇಲಾಖೆಯ ರಸ್ತೆಗೆ ಗ್ಯಾಂಗ್‌ಮನ್ ಅಂತ ಇದ್ದರು. ಇಂಥ ಕಲ್ಲಿನಿಂದ ಇಂಥ ಕಲ್ಲಿನವರೆಗೆ ಇಂಥವರದ್ದು ಅಂತ ಪಾಲು. ನಮ್ಮ ಪಕ್ಕದ ಕೇರಿಯಲ್ಲಿ ಆ ಕೆಲಸ ಮಾಡಿ ನಿವೃತ್ತಿಯಾದ ಅಜ್ಜ ಒಬ್ಬರಿದ್ದಾರೆ. ಈಗಲೂ ಮಳೆ ಜೋರಾದರೆ ಕಂಬಳಿ ಕೊಪ್ಪೆ ಹಾಕಿಕೊಂಡು ಮನೆ ಎದುರಿನ ಮೋರಿಗೆ ಕೋಲು ಹಾಕಿ ಬರುತ್ತಾರೆ. ಅಷ್ಟು ದೂರ ರಸ್ತೆ ಚೆನ್ನಾಗಿದೆ. ನಿಜವಾಗಿಯೂ, ಬೇಕಾದರೆ ಬಂದು ನೋಡಿ.

ಹಾಗಾದರೆ ಪಂಚಾಯ್ತಿ ಯಾಕೆ ಇಬ್ಬರು ಆಳು ಹಾಕುವುದಿಲ್ಲ? ಇದನ್ನು ಕೇಳಿದಾಗ ಎಂಜಿನಿಯರ್ ಒಬ್ಬರು ಸಿಟ್ಟು ಮಾಡದೆ, ಚಾ ತರಿಸಿಕೊಟ್ಟು, ಕೂರಿಸಿ ಹೇಳಿದರು. ‘ಗಟಾರ ಬಿಡಿಸಿದ್ದಕ್ಕೆ ಅಳತೆ ಹೇಗೆ ತೋರಿಸಲಿ? ಎರಡು ಮಳೆಗೆ ಮತ್ತೆ ತುಂಬಿರುತ್ತದೆ. ಆಡಿಟಿನವರು ಬಂದು ಎಲ್ಲಿ ನಿಮ್ಮ ಗಟಾರ ಅಂದರೆ ದರಕು ತೋರಿಸಲಾ?’ ಅವರ ಮಾತಿನಲ್ಲಿ ನ್ಯಾಯ ಇದೆ, ಅಲ್ವಾ? ಕಾಮಗಾರಿ ಅಂದರೆ ಶುರುವಿನಲ್ಲಿ ಒಂದು ಫೋಟೋ, ನಡುವೆ ಒಂದು, ಮುಗಿದ ಮೇಲೆ ಒಂದು, ಎಲ್ಲದಕ್ಕೂ ಜಾಗದ ಗುರುತು ಬೇಕು. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಬರೆಯಬೇಕು. ಕಾಂಕ್ರೀಟಿಗೆ ಇದೆಲ್ಲ ಸಲೀಸು. ಹೊಂಡ ಆಗದೆ ಉಳಿದ ರಸ್ತೆಗೆ ಯಾವ ಫೋಟೋ ತೆಗೆಯುವುದು? ಅದಕ್ಕೆ ಉದ್ದವೂ ಇಲ್ಲ, ದಪ್ಪವೂ ಇಲ್ಲ. ಉದ್ಘಾಟನೆಗೆ ರಿಬ್ಬನ್ ಕಟ್ಟಲು ಜಾಗವೂ ಇಲ್ಲ. ಹಾಗಾಗಿ ಹತ್ತು ಲಕ್ಷದ ಹೊಸ ರಸ್ತೆಗೆ ತಲೆಬರಹ ಸಿಗುತ್ತದೆ, ಹಾರೆ ಹಿಡಿಯುವವನ ದಿನಗೂಲಿಗೆ ಸಿಗುವುದಿಲ್ಲ.

ಒಮ್ಮೊಮ್ಮೆ ದುಡ್ಡು ಬರುತ್ತದೆ, ಆಗ ಜೆಸಿಬಿ ಬರುತ್ತದೆ. ಅದು ಇನ್ನೂ ಕಷ್ಟ. ಗಟಾರಕ್ಕಿಂತ ಜೆಸಿಬಿಯ ಬಾಯಿ ಅಗಲ. ದರಕಿನ ಜೊತೆ ಧರೆಯ (ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬದ) ಬುಡವನ್ನೂ ಕೆರೆದು ತೆಗೆಯುತ್ತದೆ. ಬುಡ ಹೋದ ಧರೆ ಜುಲೈ ತಿಂಗಳಲ್ಲಿ ಕುಸಿದು ಅದೇ ಗಟಾರಕ್ಕೆ ಬೀಳುತ್ತದೆ. ಮುಂದಿನ ವರ್ಷ ಅದನ್ನು ತೆಗೆಯಲು ಮತ್ತೆ ಜೆಸಿಬಿ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದು ಜನ ಸತ್ತರು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಆಮೇಲಿಂದ ಧರೆ ಕಂಡರೆ ನಮ್ಮೂರಿನ ಹೆಂಗಸರು ಮಕ್ಕಳ ಕೈ ಹಿಡಿದುಕೊಂಡು ಬೇಗ ದಾಟುತ್ತಾರೆ. ಹೆದ್ದಾರಿಯ ಗುಡ್ಡಕ್ಕೆ ತಜ್ಞರ ತಂಡ ಬರುತ್ತದೆ. ನಮ್ಮ ಧರೆಗೆ ಬರುವುದು ಜೆಸಿಬಿಯ ಡ್ರೈವರು ಮಾತ್ರ, ಅವನಿಗೂ ಗಂಟೆ ಲೆಕ್ಕ.

ಇನ್ನೊಂದು ಸಂಗತಿ ಇದೆ, ಅದನ್ನು ಯಾವ ಅನುದಾನದ ಪಟ್ಟಿಯಲ್ಲೂ ನಾನು ಕಂಡಿಲ್ಲ. ದೇವಿಮನೆ ಘಟ್ಟದ ಕೆಲಸಕ್ಕೆ ಸಿರ್ಸಿ-ಕುಮಟಾ ಹೆದ್ದಾರಿಯನ್ನು ಮುಚ್ಚಿದಾಗ ಗಾಡಿಗಳೆಲ್ಲ ಸುಮ್ನೆ ಮನೆಯಲ್ಲಿ ಕೂರುತ್ತವೆಯೇ? ದೊಡ್ಡವು ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿಯುತ್ತವೆ. ಸಣ್ಣವು ಸಿದ್ದಾಪುರದ ದೊಡ್ಮನೆ ಘಟ್ಟ, ವಡ್ಡಿ ಘಟ್ಟ ಅಂತ ಹುಡುಕಿಕೊಂಡು ಹೋಗುತ್ತವೆ. ದಿನಕ್ಕೆ ನಾಲ್ಕು ಬೈಕು, ಒಂದು ಬಸ್ಸು ನೋಡಿದ ರಸ್ತೆಗೆ ಮೀನಿನ ಗಾಡಿ, ಮರಳು ಗಾಡಿ, ಮದುವೆ ದಿಬ್ಬಣ ಎಲ್ಲ ಒಟ್ಟಿಗೆ ಬರುತ್ತವೆ. ಹೆದ್ದಾರಿ ಅಗಲವಾಯಿತು, ಸಂತೋಷ. ನಾನೂ ಅದರಲ್ಲಿ ಕುಮಟೆಗೆ ಆರಾಮಾಗಿ ಹೋಗುತ್ತೇನೆ. ಆದರೆ ಅದರ ಭಾರ ಹೊತ್ತು ಸೊಂಟ ಮುರಿದುಕೊಂಡ ಒಳರಸ್ತೆಗೆ ಔಷಧಿ ಕೊಡಿಸಲು ಆ ಯೋಜನೆಯಲ್ಲಿ ಒಂದು ಸಾಲು ಇರಬೇಕಿತ್ತು.

ಬಸ್ಸಿಗೆ 3 ಅಂಕ ಕೊಟ್ಟೆ. ಬೆಳಗಿನ ಬಸ್ಸು ಶಾಲೆ ಹೊತ್ತಿಗೆ ಬರುತ್ತದೆ, ಸಂಜೆಯದ್ದು ಕತ್ತಲಾಗುವ ಮೊದಲು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಓಡಾಟ ಜಾಸ್ತಿಯಾಗಿದೆ. ಹಿಂದೆ ಪೇಟೆ ಕೆಲಸ ಅಂದರೆ ಗಂಡನ ಬೈಕಿಗೆ ಕಾಯಬೇಕಿದ್ದವರು ಈಗ ಆಧಾರ್ ಕಾರ್ಡ್ ತೋರಿಸಿ ಸಿರ್ಸಿಗೆ ಹೋಗಿ, ಬ್ಯಾಂಕು, ಆಸ್ಪತ್ರೆ, ಬಟ್ಟೆ ಅಂಗಡಿ ಎಲ್ಲ ಮುಗಿಸಿ ಬರುತ್ತಾರೆ. ನನ್ನ ಗಾಡಿಯ ಎದುರಿನ ಸೀಟಿನ ಬಾಡಿಗೆ ಅಷ್ಟು ಕಮ್ಮಿಯಾಯಿತು. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಮಳೆಗಾಲದ ಬಗ್ಗೆ. ರಸ್ತೆಯಲ್ಲಿ ಕಲ್ಲು ಎದ್ದಿತು ಅಂದರೆ ಬಸ್ಸು ಕ್ರಾಸಿನಲ್ಲೇ ತಿರುಗಿ ಹೋಗುತ್ತದೆ. ಡ್ರೈವರಿಗೆ ನಾನು ಬೈಯುವುದಿಲ್ಲ. ಐವತ್ತು ಜನರನ್ನು ಕೂರಿಸಿಕೊಂಡು ಆ ತಿರುವಿನಲ್ಲಿ ನಾನೂ ಹೋಗಲಾರೆ. ಹಾಗಾಗಿ ಬಸ್ ನಿಲ್ಲುವುದಕ್ಕೂ ದರಕು ತುಂಬಿದ ಮೋರಿಗೂ ನೇರ ಸಂಬಂಧ ಇದೆ. ಜುಲೈನಲ್ಲಿ ಹೈಸ್ಕೂಲಿನ ಮಕ್ಕಳು ಕ್ರಾಸಿನಿಂದ ಮನೆವರೆಗೆ ಉಂಬಳದ (ಜಿಗಣೆಯ) ಹಾದಿಯಲ್ಲಿ ನಡೆಯುತ್ತಾರೆ, ಕಾಲಿಗೆ ಸುಣ್ಣ ಹಚ್ಚಿಕೊಂಡು.

ಕ್ರಾಸಿನಲ್ಲಿ ಒಂದು ತಂಗುದಾಣ ಇದೆ. ಯಾರ ನಿಧಿಯಿಂದ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ, ಬಸ್ಸಿನ ಸಮಯ ಎಲ್ಲೂ ಬರೆದಿಲ್ಲ. ಮಾಡು ಮುಂದಕ್ಕೆ ಚಾಚಿಲ್ಲ, ಗಾಳಿ ಮಳೆ ಬಂದರೆ ಬೆಂಚಿನ ಮೇಲೆಯೇ ಇರಚಲು. ಜನ ತಂಗುದಾಣದ ಹಿಂದಿನ ಗೂಡಂಗಡಿಯಲ್ಲಿ ನಿಲ್ಲುತ್ತಾರೆ. ಅಂಗಡಿಯವನಿಗೆ ಲಾಭ.

ಗ್ರಾಹಕ ಸೇವೆ ಬಗ್ಗೆಯೂ ಹೇಳಬೇಕಲ್ಲ. ಗ್ರಾಮ ಸಡಕ್ ರಸ್ತೆಗೆ ‘ಮೇರಿ ಸಡಕ್’ ಅಂತ ಮೊಬೈಲ್ ಆ್ಯಪ್ ಇದೆ, ಹೊಂಡದ ಫೋಟೋ ಹಾಕಿ ದೂರು ಕೊಡಬಹುದು. ಹೊಂಡ ಇರುವಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಫೋಟೋ ಹೊಡೆದುಕೊಂಡು ಗುಡ್ಡ ಹತ್ತಬೇಕು. ಪಂಚಾಯ್ತಿಯ ಖರ್ಚು ನೋಡಲು ‘ಇ-ಗ್ರಾಮಸ್ವರಾಜ್’ ಜಾಲತಾಣ ಇದೆ. ಯಾವ ವರ್ಷ ಯಾವ ಕೆಲಸಕ್ಕೆ ಎಷ್ಟು ಅಂತ ಅದರಲ್ಲಿ ಸಿಗುತ್ತದೆ, ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುವುದನ್ನು ಬಿಡಿಸಿ ಓದುವ ತಾಳ್ಮೆ ಇದ್ದರೆ. ನನ್ನ ಮಗಳು ಓದಿ ಹೇಳುತ್ತಾಳೆ. ಎಲ್ಲಕ್ಕಿಂತ ಒಳ್ಳೆಯದು ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯ್ತಿಯಲ್ಲಿ ಲೆಕ್ಕವನ್ನು ಜನರ ಎದುರು ಇಡಬೇಕು, ಕೆಲಸ ಆದ ಜಾಗಕ್ಕೂ ಹೋಗಿ ನೋಡಬೇಕು. ಇದು ಪಕ್ಕಾ ಐದು ಸ್ಟಾರಿನ ಸೇವೆ. ಬರುವ ಜನ ಮಾತ್ರ ಕಮ್ಮಿ. ತೋಟಕ್ಕೆ ಎರಡನೇ ಸಲದ ಕೊಳೆ ರೋಗದ ಔಷಧಿ ಹೊಡೆಯುವ ಹೊತ್ತು, ಮಳೆ ಸ್ವಲ್ಪ ಹೊಳವಾದರೆ ಎಲ್ಲರೂ ಮರದ ಬುಡದಲ್ಲಿರುತ್ತಾರೆ. ದಿನಾಂಕ ಇಟ್ಟವರು ಅಡಿಕೆ ಬೆಳೆಗಾರರಲ್ಲ ಅಂತ ಕಾಣುತ್ತದೆ.

ಮೇಲಿನ ಹಂತಕ್ಕೆ ಹೋಗೋಣ ಅಂದರೆ ಅಲ್ಲಿ ನಮ್ಮವರು ಅಂತ ಯಾರಿದ್ದಾರೆ? ತಾಲೂಕು, ಜಿಲ್ಲಾ ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲೇ ಮುಗಿದು ಆಡಳಿತಾಧಿಕಾರಿಗಳು ಕೂತರು. ಹಿಂದೆ ನಮ್ಮ ಕ್ಷೇತ್ರದ ಸದಸ್ಯರನ್ನು ಸಿರ್ಸಿ ಮಾರ್ಕೆಟ್ ಯಾರ್ಡಿನಲ್ಲಿ ಅಡಿಕೆ ಟೆಂಡರಿನ ಹೊತ್ತಿಗೆ ಹಿಡಿದು, ‘ನಮ್ಮ ಮೋರಿ ಏನಾಯ್ತು’ ಅಂತ ಕೇಳಬಹುದಿತ್ತು. ಆಡಳಿತಾಧಿಕಾರಿಯನ್ನು ಮೂಟೆಗಳ ನಡುವೆ ಹಾಗೆ ಹಿಡಿಯಲು ಆಗುವುದಿಲ್ಲ.

ಕಳೆದ ಗ್ರಾಮ ಸಭೆಯಲ್ಲಿ ನಾವು ಕೆಲವರು ಹೊಸ ರಸ್ತೆ ಕೇಳಲಿಲ್ಲ. ಒಂದು ಕಾಂಕ್ರೀಟ್ ತುಂಡನ್ನು ಬಿಡಿ, ಆ ದುಡ್ಡಿನಲ್ಲಿ ವಾರ್ಡಿಗೆ ಇಬ್ಬರಂತೆ ಮಳೆಗಾಲಕ್ಕೆ ಮೋರಿ ನೋಡುವವರನ್ನು ಇಡಿ ಅಂತ ಬರೆದುಕೊಟ್ಟೆವು. ನಮ್ಮ ಸದಸ್ಯರಿಗೆ ಅದು ಹಿಡಿಸಲಿಲ್ಲ, ಜನ ಏನು ಮಾಡಿದೆ ಅಂತ ಕೇಳಿದರೆ ಮೋರಿ ತೋರಿಸಲಾ ಅಂದರು. ಪಿಡಿಒ ಮಾತ್ರ ನಡಾವಳಿಯಲ್ಲಿ ಬರೆಸಿಕೊಂಡರು. ಪಂಚಾಯ್ತಿಯ ಸ್ವಂತ ತೆರಿಗೆ ಹಣದಲ್ಲಿ ಸ್ವಲ್ಪ ನೋಡಬಹುದು, ಆದರೆ ತೆರಿಗೆ ಬಾಕಿ ಬಹಳ ಇದೆ ಅಂದರು. ಬಾಕಿ ಪಟ್ಟಿ ಓದಿದಾಗ ಸಭೆಯಲ್ಲಿ ರಸ್ತೆ ಬಗ್ಗೆ ಎಲ್ಲರಿಗಿಂತ ಜೋರಾಗಿ ಕೂಗಿದವರ ಹೆಸರು ಮೊದಲ ಪುಟದಲ್ಲೇ ಇತ್ತು. ಅವರು ನೀರು ಕುಡಿಯಲು ಹೊರಗೆ ಹೋದರು.

ಪ್ರವಾಸಿಗರಿಗೆ ಒಂದು ಸೂಚನೆ. ಯಾಣ, ವಿಭೂತಿ ಜಲಪಾತ, ಉಂಚಳ್ಳಿ ಅಂತ ಹೊರಟವರನ್ನು ಮೊಬೈಲ್ ಮ್ಯಾಪು ಹತ್ತಿರದ ದಾರಿ ಅಂತ ನಮ್ಮಂಥ ಊರಿನ ಒಳಗೆ ನುಗ್ಗಿಸುತ್ತದೆ. ಕಾಂಕ್ರೀಟ್ ಕಂಡು ಧೈರ್ಯ ಮಾಡಬೇಡಿ, ಅದು ತುಂಡು. ಕ್ರಾಸಿನ ಗೂಡಂಗಡಿಯಲ್ಲಿ ನಿಲ್ಲಿಸಿ ಕೇಳಿ. ಟೆಂಪೋ ಟ್ರಾವೆಲರ್ ತಂದವರಂತೂ ಸಂಕ ದಾಟಲೇಬೇಡಿ, ಆಚೆ ತಿರುಗಿಸಲು ಜಾಗ ಇಲ್ಲ. ಈಗಾಗಲೇ ದಾಟಿ ಸಿಕ್ಕಿಬಿದ್ದಿದ್ದರೆ ನನ್ನ ಪಿಕಪ್ಪಿನಲ್ಲಿ ಹಗ್ಗ ಇದೆ, ಆದರೆ ಸಂಜೆ ನಾಲ್ಕರ ಮೇಲೆ ಬಾಡಿಗೆ ಬೇರೆ.